ಬೀಗದ ಕೈ ಮೆಲ್ಲಗೆ ಇಟ್ಟರೆ

ಅಕ್ಕಾ,

ಈ ಕಾಗದ ಭಾವನ ಕಣ್ಣಿಗೆ ಬೀಳಬಾರದೆಂದು ನೀನು ಕೆಲಸ ಮಾಡುವ ಟೈಲರ್ ಅಂಗಡಿಗೆ ಕಳಿಸಿದ್ದೇನೆ. ಓದಿ ಹರಿದುಬಿಡು.

ನಾನು ಕಥೆ ಬರೆದ ವಿಡಿಯೋ ಗೇಮ್ ಶುಕ್ರವಾರ ಹೊರಬರುತ್ತದೆ. ಅದರಲ್ಲಿ ಒಂದು ಮನೆ, ಎಲ್ಲರೂ ಹೆದರುವ ಒಬ್ಬ ಯಜಮಾನ. ಅವನು ಹತ್ತಿರ ಬರುವ ಮುಂಚೆ ಆಡುವವರಿಗೆ ಒಂದು ಸುಳಿವು ಸಿಗಬೇಕು, ಇಲ್ಲದಿದ್ದರೆ ಅಡಗಿಕೊಳ್ಳಲು ಆಗುವುದಿಲ್ಲ. ನನಗೆ ಬೇರೇನೂ ಹೊಳೆಯಲಿಲ್ಲ ಅಕ್ಕ. ನಿಮ್ಮ ಮನೆಯಲ್ಲಿದ್ದಾಗ ನೀನು ಹೇಳಿಕೊಟ್ಟಿದ್ದನ್ನೇ ಬರೆದೆ. ಭಾವ ಮನೆಗೆ ಬಂದು ಬೀಗದ ಕೈಯನ್ನು ಮೇಜಿನ ಮೇಲೆ ಎಸೆದರೆ ಭಯವಿಲ್ಲ, ಮೆಲ್ಲಗೆ ಇಟ್ಟರೆ ಮಂಚದ ಕೆಳಗೆ ಸೇರಿಕೋ.

"ಬಾಯಲ್ಲಿ ಬೆರಳಿಟ್ರೆ ಕಚ್ಚೋಕೂ ಬರಲ್ಲ ಅನ್ನೋ ಹಾಗಿರ್ತೀಯ, ಇದೆಲ್ಲ ಎಲ್ಲಿಂದ ಬರುತ್ತೆ ನಿಂಗೆ?" ಎಂದು ಆಫೀಸಿನವರು ಹೊಗಳಿದರು.

ನಿನ್ನೆ ಭಾವ ಫೋನ್ ಮಾಡಿದ್ದರು. "ನಮ್ಮ ನಾದಿನಿ ಬರೆದಿರೋ ಗೇಮು, ಮೊದಲ್ನೇ ದಿನಾನೇ ಕೂತು ಆಡ್ತೀನಿ ಬಿಡಮ್ಮ" ಎಂದು ನಕ್ಕರು. ಆಡಿದ ಕೂಡಲೇ ಅವರಿಗೆ ಗೊತ್ತಾಗುತ್ತದೆ. ನನ್ನ ಮೇಲಿನ ಸಿಟ್ಟನ್ನು ನಿನ್ನ ಮೇಲೆ ತೀರಿಸಿಕೊಳ್ಳುತ್ತಾರೆ. ಆ ಸುಳಿವನ್ನು ಬದಲಾಯಿಸಿ ಎಂದು ಆಫೀಸಿನವರನ್ನು ಬೇಡಿಕೊಂಡೆ, ಈಗ ಆಗುವುದಿಲ್ಲವಂತೆ.

ಗುರುವಾರ ಅಂಗಡಿಗೆ ಹೊರಟವಳ ಹಾಗೆ ಹೊರಟು, ಪುಟ್ಟಿಯನ್ನು ಶಾಲೆಯಿಂದ ಕರೆದುಕೊಂಡು ನೇರವಾಗಿ ನನ್ನ ರೂಮಿಗೆ ಬಾ. ಅವಳ ಉಬ್ಬಸದ ಔಷಧಿಯನ್ನು ಬೆಳಿಗ್ಗೆಯೇ ಸ್ಕೂಲ್ ಬ್ಯಾಗಿಗೆ ಹಾಕಿರು. ಬೇರೆ ಚೀಲ ತರಬೇಡ, ಅನುಮಾನ ಬರುತ್ತದೆ. ಬಟ್ಟೆ ನನ್ನದೇ ಉಟ್ಟುಕೋ. ನನ್ನ ರೂಮಿನ ಮನೆಯೊಡತಿಯ ಒಪ್ಪಿಗೆ ಪಡೆದಿದ್ದೇನೆ.

ಆಟದಲ್ಲಿ ಆ ಯಜಮಾನನ ಹೆಂಡತಿ ಕೊನೆಯವರೆಗೂ ಅದೇ ಮನೆಯಲ್ಲಿ ಇರುತ್ತಾಳೆ. ಅವಳನ್ನು ಹೊರಗೆ ಕರೆತರುವುದು ಹೇಗೆಂದು ಬರೆಯಲು ನನಗೆ ಬರಲಿಲ್ಲ. ನೀನು ಬಂದುಬಿಡು.

ದಾರಿ ಕಾಯುತ್ತಿರುವ,
ನಿನ್ನ ತಂಗಿ