ವಾಸನೆಯಿಲ್ಲದ ಕ್ಯಾನು

ಮನೆಯಿಂದ,
ಹನ್ನೆರಡನೇ ತಾರೀಖು, ಶುಕ್ರವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೀನು ಕಡಿಮೆಯಾಯಿತೇ? ಹೊಸ ಲ್ಯಾಬಿನಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಲಸ ಸಿಕ್ಕರೆ ನಿನಗೆ ಹೊಟ್ಟೆ ಇರುವುದೇ ಮರೆತುಹೋಗುತ್ತದೆ. ನನ್ನ ಮಂಡಿನೋವು ಹಾಗೇ ಇದೆ, ನಿನ್ನಪ್ಪನ ಗೊರಕೆಯೂ ಹಾಗೇ ಇದೆ. ಈ ವಿಷಯ ಫೋನಿನಲ್ಲಿ ಹೇಳೋಣವೆಂದು ಮೂರು ಸಲ ಹೊರಟೆ. ನಿನ್ನ ದನಿ ಕೇಳಿದ ಕೂಡಲೇ ಊಟದ ವಿಷಯ ಕೇಳಿ ಫೋನಿಟ್ಟೆ. ಅದಕ್ಕೇ ಈ ಕಾಗದ.

ನಾನು ಗುಡಿಸಿ ಒರೆಸುವ ಲ್ಯಾಬಿಗೇ ನೀನು ಸಂಶೋಧನೆಗೆ ಬಂದಾಗ ನನಗೆ ಕೋಡು ಮೂಡಿತ್ತು. ನೀನು ನಿನ್ನ ಸೆನ್ಸರನ್ನು ತೋರಿಸಿ, "ಜೀವಕೋಶಕ್ಕೆ ಕಷ್ಟ ಬಂದ್ರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತಮ್ಮ. ಈ ತಂತಿ ತುದೀಲಿರೋ ಪ್ಲಾಟಿನಂ ನ್ಯಾನೊ ಕಣಗಳು ಅದನ್ನ ಹಿಡಿಯುತ್ವೆ, ಆಗ ಕರೆಂಟ್ ಏರುತ್ತೆ" ಅಂದಿದ್ದೆ. ಕಣ್ಣಿಗೆ ಕಾಣದ ಕೋಶದ ನರಳಾಟವೂ ಅದಕ್ಕೆ ಕೇಳಿಸುತ್ತದೆ, ಇಷ್ಟು ನನಗೆ ಅರ್ಥವಾಗಿತ್ತು. ಅರ್ಥವಾಗಿದ್ದೂ ಎಡವಿದೆ.

ಬ್ಲೀಚಿನ ಘಾಟಿಗೆ ನೀನು ದಿನವಿಡೀ ಸೀನುತ್ತಿದ್ದೆ. ಪಾಪ ಅನ್ನಿಸಿ, ಸ್ಟೋರಿನವನನ್ನು ಕಾಡಿ ಒರೆಸಲು ವಾಸನೆಯಿಲ್ಲದ ಬೇರೆ ದ್ರಾವಣದ ಕ್ಯಾನು ತಂದೆ. ಯಾರನ್ನೂ ಕೇಳಲಿಲ್ಲ. ನಿಮ್ಮ ಗಾಜಿನ ಬಟ್ಟಲುಗಳನ್ನು ತೊಳೆದು ಬೋರಲು ಹಾಕುವ ಸ್ಟೀಲ್ ತಟ್ಟೆಯನ್ನು ದಿನಾ ಸಂಜೆ ಅದರಲ್ಲೇ ಒರೆಸಿದೆ. ಕೋಶಕ್ಕೆ ಕಷ್ಟ ಕೊಡುವ ಔಷಧಿ ಹಾಕದ ಬಟ್ಟಲಿನಲ್ಲೂ ಕರೆಂಟ್ ಏರತೊಡಗಿತು. ಬಟ್ಟಲು ತಯಾರು ಮಾಡುತ್ತಿದ್ದವಳು ನಿನಗಿಂತ ಕಿರಿಯಳಾದ ಆ ಗುಂಗುರು ಕೂದಲಿನ ಹುಡುಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಎಲ್ಲವೂ ಅವಳ ತಲೆಗೆ ಬಂತು. ಔಷಧಿಯನ್ನು ತಪ್ಪು ಬಟ್ಟಲಿಗೆ ಹಾಕಿದ್ದಾಳೆಂದು ನೀನು ಬರೆದುಕೊಟ್ಟೆ, ಲ್ಯಾಬಿನ ಮುಖ್ಯಸ್ಥೆ ಮೇಡಂ ಅವಳನ್ನು ಕೆಲಸದಿಂದ ಕಳಿಸಿಬಿಟ್ಟರು. "ನಾನು ಹಾಕಿಲ್ಲ ಅಕ್ಕಾ" ಎಂದು ಅವಳು ಅಳುತ್ತಿದ್ದಾಗ ನಾನು ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದೆ.

ಅವತ್ತೇ ಸಂಜೆ ಕ್ಯಾನಿನ ಚೀಟಿ ಓದಿದೆ. ಅದೇ ಹೆಸರು, ಹೈಡ್ರೋಜನ್ ಪೆರಾಕ್ಸೈಡ್. ಓದು ಬಾರದವಳಾಗಿದ್ದರೆ ಚೆನ್ನಾಗಿತ್ತು. ಕೆಲಸ ಹೋಗುತ್ತದೆಂಬ ಭಯಕ್ಕಿಂತ, ಮಗಳ ಸಂಶೋಧನೆಯನ್ನು ತಾಯಿಯೇ ಕೆಡಿಸಿದಳು ಎನ್ನುತ್ತಾರಲ್ಲ ಎಂಬ ನಾಚಿಕೆ ದೊಡ್ಡದಾಯಿತು. ನೀನು ಹೊಸ ಲ್ಯಾಬಿಗೆ ಹೋದೆ, ನಾನು ನಾಲ್ಕು ತಿಂಗಳು ತೆಪ್ಪಗಿದ್ದೆ. ಮೊನ್ನೆ ಔಷಧಿ ಅಂಗಡಿಗೆ ಹೋದರೆ ಗಲ್ಲಾದ ಹಿಂದೆ ಅವಳೇ ಕೂತಿದ್ದಳು. "ಆಂಟಿ, ಮಂಡಿನೋವು ಹೇಗಿದೆ?" ಎಂದು ಕೇಳಿದಳು. ಮಾತ್ರೆ ತೆಗೆದುಕೊಳ್ಳದೆ ಓಡಿ ಬಂದೆ ಕಣೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಇವತ್ತು ಬೆಳಿಗ್ಗೆ ನನ್ನ ತಪ್ಪನ್ನು ಬರೆದು ಮೇಡಂ ಕೈಗೆ ಕೊಟ್ಟೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಅಂಗಡಿಗೆ ಹೋಗಿ ಹುಡುಗಿಗೂ ಹೇಳಿದೆ. ಅವಳು ನನಗೊಂದು ಸ್ಟೂಲು ಎಳೆದು ಹಾಕಿದಳು.

ಮೈ ಹುಷಾರು. ನಿನಗೆ ಒಳ್ಳೆಯದಾಗಲಿ, ನಿನ್ನಿಂದಲೂ ನಾಲ್ಕು ಜನಕ್ಕೆ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು: ಆ ಸಂಜೆ ಚೀಟಿಯನ್ನು ನನಗಿಂತ ಮೊದಲು ಓದಿದವಳು ನೀನು. ಕ್ಯಾನನ್ನು ಬೀರುವಿನ ಹಿಂದಕ್ಕೆ ತಳ್ಳಿ, "ಇನ್ಮೇಲೆ ಇದು ಬೇಡಮ್ಮ, ಹಳೇದೇ ಇರಲಿ" ಅಂದೆ. ಯಾಕೆಂದು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ನನ್ನನ್ನು ಉಳಿಸಲೆಂದೇ ಸುಮ್ಮನಾದೆ, ಗೊತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ಅದಕ್ಕೇ. ಮೇಡಂಗೆ ಇದನ್ನು ಬರೆದಿಲ್ಲ. ಮೇಡಂ ಕರೆದಿದ್ದಾರೆ, ಒಂದನೇ ತಾರೀಖಿಗೆ ಹುಡುಗಿ ನಮ್ಮ ಲ್ಯಾಬಿಗೆ ವಾಪಸ್ ಬರುತ್ತಾಳೆ. ಅಷ್ಟರೊಳಗೆ ಇದನ್ನು ನೀನೇ ಅವಳಿಗೆ ಹೇಳು. ಇನ್ನೊಂದು ಸಲ ನಾನು ಸುಮ್ಮನಿರಲಾರೆ, ಮಗಳೇ.