ಅವ್ವ ತಿಕ್ಕಿದ ಬೆಳ್ಳಿ ಡಾಲರ್

ಅಕ್ಟೋಬರ್ ೧೮, ಶನಿವಾರ. ಅರೋರಾ, ಅಮೆರಿಕ.

ನನ್ನ ಹತ್ತಿರವಿರುವ, ನೂರು ವರ್ಷ ದಾಟಿದ ಮೂರು ಬೆಳ್ಳಿ ಡಾಲರುಗಳಲ್ಲಿ ಒಂದನ್ನು ಹರಾಜಿಗೆಂದು ಚಿಕಾಗೋಗೆ ಒಯ್ದಿದ್ದೆ. ಅಲ್ಲಿನ ನಾಣ್ಯ ಪರೀಕ್ಷಕ ಹಿಂದಕ್ಕೆ ಕೊಟ್ಟ. ಸಂಗ್ರಾಹಕರಿಗೆ ಬೇಕಾದದ್ದು ಬೆಳ್ಳಿಯ ಮೇಲೆ ವರ್ಷಗಳಿಂದ ಕಟ್ಟಿದ ಹಳೆಯ ಕಪ್ಪೇ ಅಂತೆ, ತಿಕ್ಕಿದ ನಾಣ್ಯ ಬೇಡವಂತೆ. ನಾನು ತಲೆಗೆ ಬಳಿದುಕೊಳ್ಳುವ ಕಪ್ಪಿಗೆ ಮಾತ್ರ ಯಾರೂ ಬೆಲೆ ಕಟ್ಟಿಲ್ಲ.

ತಿಕ್ಕಿದವಳು ಅವ್ವ. ಚಲೋ ರೇಟು ಬರಲೆಂದು, ದೇವರ ಬೆಳ್ಳಿಯ ಹಾಗೆ ವಿಭೂತಿ ಹಚ್ಚಿ, ನೋಯುವ ಬೆರಳಲ್ಲೇ ನಿನ್ನೆ ಸಂಜೆಯಿಡೀ ತಿಕ್ಕಿದ್ದಳು. ನಾನು ಪಕ್ಕದಲ್ಲಿ ಕೂತು ಶಹಬ್ಬಾಸ್ ಎಂದಿದ್ದೆ.

ಮನೆಗೆ ಬಂದೊಡನೆ ಕೇಳಿದಳು. "ಹೊಳಪು ನೋಡಿ ಏನಂದ್ರಪಾ?"

"ಇಂಥಾ ಹೊಳಪು ನಾವು ನೋಡೇ ಇಲ್ಲ ಅಂದ್ರವ್ವಾ."

"ಉಳಿದ ಎರಡೂ ಕೊಡು, ನಾಳೆ ತಿಕ್ಕಿ ಇಡ್ತೀನಿ."

ಅವೆರಡನ್ನೂ ಸಾಕ್ಸಿನೊಳಗೆ ಬಚ್ಚಿಟ್ಟಿದ್ದೇನೆ. ಈಗ ನಿಜ ಹೇಳಿಬಿಡೋಣವೆಂದು ಹೋದರೆ, ನಾಳೆಯ ಕೆಲಸಕ್ಕೆಂದು ಬೆರಳುಗಳಿಗೆ ನೋವಿನ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.