ಮಾಸ್ಟರ್ ಪಿನ್ನು, ಅಣ್ಣನ ಅಂಗೈ

ಅಪ್ಪ,

ನೆನಪಿದೆಯಾ, ಡೊಂಬಿವಲಿಯ ಮನೆಯಲ್ಲಿ ಊಟಕ್ಕೆ ಕೂತರೆ ಸಾಕು, ನೀವು ಯುದ್ಧದ ಟ್ಯಾಂಕಿನ ಪುರಾಣ ತೆಗೆಯುತ್ತಿದ್ದಿರಿ. ಮೊದಲ ಮಹಾಯುದ್ಧದಲ್ಲಿ ಗುಟ್ಟು ಬಯಲಾಗದಿರಲೆಂದು ಅದನ್ನು ನೀರಿನ ಟ್ಯಾಂಕು ಎಂದು ಕರೆದದ್ದು, ಅದು ಕೆಸರಿನಲ್ಲಿ ಹೂತುಹೋದದ್ದು, ಅರುವತ್ತೈದರ ಯುದ್ಧದಲ್ಲಿ ಪಂಜಾಬಿನ ಗದ್ದೆಗಳಲ್ಲಿ ಶತ್ರುವಿನ ಟ್ಯಾಂಕುಗಳು ಸಿಕ್ಕಿಬಿದ್ದದ್ದು. "ತೋಪು ಬದಲಾಯ್ತು, ಇಂಜಿನ್ ಬದಲಾಯ್ತು, ಈಗ ಹಳೇ ಟ್ಯಾಂಕಿಗೂ ಕತ್ತಲೆಯಲ್ಲಿ ಕಣ್ಣು ಕಾಣ್ತದೆ. ಆದ್ರೆ ಚಕ್ರದ ಚೈನಿನ ಪಿನ್ನು ಕಳಚಿದ್ರೆ ಎಲ್ಲ ಗುಜರಿ!" ಅಂಬರನಾಥದ ವರ್ಕ್‌ಶಾಪಿನಲ್ಲಿ ಆ ಪಿನ್ನುಗಳನ್ನು ಅಳೆದು ಪಾಸು ಮಾಡುವವರು ನೀವೇ. ಅಮ್ಮ, ಅಣ್ಣ, ನಾನು ತಲೆಯಾಡಿಸುತ್ತಿದ್ದೆವು. ಅನ್ನ ಆರುತ್ತಿತ್ತು.

ಆಯುಧಪೂಜೆಯ ಹಿಂದಿನ ದಿನ ಮಾಸ್ಟರ್ ಪಿನ್ನನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತರುತ್ತಿದ್ದಿರಿ. ಬೇರೆಲ್ಲ ಪಿನ್ನುಗಳನ್ನು ಹೋಲಿಸಿ ಅಳೆಯುವುದು ಅದಕ್ಕೇ. "ಸರಿ ಉಜ್ಜು ಮಗಾ, ಮುಖ ಕಾಣ್ಬೇಕು," ಎಂದು ಪಾಲಿಶ್ ಪೇಪರ್ ಕೊಡುತ್ತಿದ್ದಿರಿ. ವರ್ಷ ವರ್ಷವೂ ನಾನೇ ಉಜ್ಜಿದೆ. ಅಳತೆಯ ಪಿನ್ನನ್ನು ಯಾರಾದರೂ ಉಜ್ಜುತ್ತಾರೆಯೇ? ಆದರೆ ನಿಮಗದು ದೇವರು, ದೇವರಿಗೆ ಕೊಳೆ ಇರಬಾರದು...

ಅಣ್ಣ ನಿಮ್ಮ ಕೈಕೆಳಗೆ ಕಲಿತು, ಪರೀಕ್ಷೆಗೆ ಒಂದು ಪಿನ್ನು ಮಾಡಿದ ದಿನ ನಾನು ಊಟದ ಡಬ್ಬಿ ಕೊಡಲು ಬಂದಿದ್ದೆ. ಉಳಿದ ಹುಡುಗರು ನಿಮ್ಮ ಪಿನ್ನಿಗೆ ಹೋಲಿಸಿ ಮಾಡಿದ್ದರು. ಅವನು ಅಳತೆ ಬರೆದ ಡ್ರಾಯಿಂಗ್ ನೋಡಿ ಮಾಡಿದ್ದ. ನೀವು ಅಳೆದಿರಿ. ಮಾಸ್ಟರ್ ಪಿನ್ನಿಗಿಂತ ದಪ್ಪ.

"ಪಪ್ಪಾ, ಡ್ರಾಯಿಂಗ್ ದೇಖೋ ನಾ," ಒಮ್ಮೆ ನೋಡಿ ಎಂದು ಅಣ್ಣ ಬೇಡಿಕೊಂಡ.

"ನಿಂಗೆಂತ ಗೊತ್ತುಂಟು? ನನ್ನ ಪಿನ್ನು ಸುಳ್ಳು ಹೇಳ್ತದಾ?"

ರಿಜೆಕ್ಟ್ ಮಾಲಿಗೆ ಬಳಿಯುವ ಕೆಂಪು ಬಣ್ಣವನ್ನು ಪಿನ್ನಿಗೆ ಬಳಿದಿರಿ. ಅಷ್ಟು ಸಾಲಲಿಲ್ಲ ನಿಮಗೆ. ಎಲ್ಲರೆದುರು ಅವನ ಅಂಗೈ ಹಿಡಿದು ಅದಕ್ಕೂ ಬಳಿದಿರಿ. ಹುಡುಗರು ನಕ್ಕರು. ನೀವೂ ನಕ್ಕಿರಿ, ಅಪ್ಪ.

ಅಂದಿನಿಂದ ಅವನು ಸಾನಪಾಡಾದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದಾನೆ. ಮಷೀನು ಮುಟ್ಟಲೇ ಇಲ್ಲ. ನೀವು ತೀರಿಕೊಂಡಾಗಲೂ ಬರಲಿಲ್ಲ, ನೆಂಟರು ಬಾಯಿಗೆ ಬಂದಂತೆ ಬೈದರು. ನಾನೂ ಬೈದೆ.

ಹೋದ ವಾರ ಅಮ್ಮ ಕಪಾಟಿನ ಸೀರೆಗಳಡಿಯಿಂದ ಅಣ್ಣನ ಪಿನ್ನು, ಅದರ ಡ್ರಾಯಿಂಗು ತೆಗೆದಳು. ಮನೆ ಬಿಡುವಾಗ ಅವನು ಎಸೆದುಹೋದದ್ದನ್ನು ಇಷ್ಟು ವರ್ಷ ಬಚ್ಚಿಟ್ಟಿದ್ದಳು. ನಿವೃತ್ತಿಯ ದಿನ ವರ್ಕ್‌ಶಾಪಿನವರು ನಿಮಗೆ ಕೊಟ್ಟ ಅದೇ ಮಾಸ್ಟರ್ ಪಿನ್ನು ದೇವರ ಗೂಡಿನಲ್ಲಿತ್ತು. ಎರಡೂ ಪಿನ್ನುಗಳನ್ನು ಥಾಣೆಯಲ್ಲಿರುವ ನಮ್ಮ ಲ್ಯಾಬಿಗೆ ಒಯ್ದೆ. ಹೊಸ ಮಷೀನಿನಲ್ಲಿ ಅಳೆಯುವುದೇ ಈಗ ನನ್ನ ಕೆಲಸ. ಮೂರು ಸಲ ಅಳೆದೆ. ಅಣ್ಣನದು ಡ್ರಾಯಿಂಗಿನಂತೆಯೇ ಇದೆ. ಸವೆದದ್ದು ನಿಮ್ಮದು.

ಮನೆಗೆ ಬಂದು ನಿಮ್ಮ ಫೋಟೋದ ಹಾರ ಕಿತ್ತು ಬಿಸಾಡಿದೆ. ಅಮ್ಮ ಬೇಡವೆನ್ನಲಿಲ್ಲ. ನೀವು ಬದುಕಿದ್ದಾಗ ನಿಮ್ಮ ಪಿನ್ನನ್ನೇ ಒಮ್ಮೆ ಅಳೆದಿದ್ದರೆ...

ನಾಳೆ ಸಾನಪಾಡಾಕ್ಕೆ ಹೋಗುತ್ತೇನೆ. ಎರಡು ಪಿನ್ನು, ರಿಪೋರ್ಟು, ಒಂದು ಡಬ್ಬಿ ಕೆಂಪು ಬಣ್ಣ ಅಣ್ಣನ ಮುಂದಿಡುತ್ತೇನೆ. ನಿಮ್ಮ ಪಿನ್ನಿಗೆ ಅವನೇ ಬಳಿಯಲಿ. ಅದನ್ನು ವರ್ಷ ವರ್ಷ ಉಜ್ಜಿ ಸವೆಸಿದವಳು ನಾನೆಂದೂ ಹೇಳುತ್ತೇನೆ. ಆಮೇಲೆ ಅವನು ನನ್ನ ಅಂಗೈ ಹಿಡಿದರೆ, ನಾನು ಕೈ ಹಿಂದೆಳೆಯುವುದಿಲ್ಲ.

ನಿಮ್ಮ ಮಗಳು